ಕ್ಲೌಡ್‌ನಿಂದ ಸರ್ವರ್ ಆಫೀಸಿಗೆ ತರೂದು ಲಾಭ ಐತೇನ್ರಿ? ಹುಬ್ಬಳ್ಳಿ, ಸೀಸನ್ ಲೋಡ್

ಗೋಕುಲರೋಡ್_ಡೆವ್

ಎಲ್ಲಾರಿಗೂ ನಮಸ್ಕಾರ. ನಮ್ದು ಹುಬ್ಬಳ್ಳಿಯೊಳಗ ಸಣ್ಣ ಸಾಫ್ಟ್‌ವೇರ್ ಕಂಪನಿ, ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೋಳಿಗೆ ಮತ್ತ ಕೋಲ್ಡ್ ಸ್ಟೋರೇಜಿನವ್ರಿಗೆ ಲಾಟ್, ತೂಕ, ಪಟ್ಟಿ (ರೈತರಿಗೆ ಕೊಡೋ ಲೆಕ್ಕದ ಚೀಟಿ), ರೈತರ ಪೇಮೆಂಟ್ ನೋಡ್ಕೊಳ್ಳೋ ಸಾಫ್ಟ್‌ವೇರ್ ಕೊಡ್ತೀವಿ. ಎಲ್ಲಾ ಎಡಬ್ಲ್ಯುಎಸ್ (ಅಮೆಜಾನ್‌ನವ್ರ ಕ್ಲೌಡ್, ಅಂದ್ರ ಇಂಟರ್‌ನೆಟ್ ಮ್ಯಾಲಿನ ಬಾಡಿಗಿ ಸರ್ವರ್) ಮುಂಬೈ ರೀಜನ್ದಾಗ ಐತಿ. ಜನವರಿಯಿಂದ ಮಾರ್ಚ್ ತನಕ ಆವಕ ಜೋರು, ಟೆಂಡರ್ ದಿನ ಮಧ್ಯಾಹ್ನ ಲೋಡ್ ಮ್ಯಾಲೇರಿದ್ದು ಸಂಜಿತನಕ ಇಳಿಯೂದಿಲ್ಲ, ಮಳಿಗಾಲದಾಗ ನೋಡಿದ್ರ ಸರ್ವರ್ ಸುಮ್ನ ಕುಂತಿರ್ತಾವು, ಆದ್ರೂ ಬಿಲ್ ಮಾತ್ರ ಇಳಿದಂಗ ಕಾಣೂದಿಲ್ಲ, ಡಾಲರ್ ಏರಿದಂಗ ಅದೂ ಏರ್ತೈತಿ. ಮಾಲಕರು "ಎಷ್ಟ ದಿನ ಬಾಡಿಗಿ ಕಟ್ಟೂದು, ಎಲ್ಲಾ ಇಲ್ಲಿಗೇ ತರೂಣು" ಅನ್ನಾಕತ್ಯಾರ.

ಒಬ್ರು ವೆಂಡರ್ ಬಂದು ಹೋದ್ರು. ಎಚ್‌ಪಿಇ ಗ್ರೀನ್‌ಲೇಕ್, ಡೆಲ್ ಎಪೆಕ್ಸ್ ಅದಾವಲ್ಲ, ಆ ನಮೂನಿ ಸ್ಕೀಮ್. ಮಷೀನ್ ನಮ್ಮ ಆಫೀಸಿನಾಗ ಇಡ್ತಾರ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚ ಕೆಪ್ಯಾಸಿಟಿ ಮೊದ್ಲ ಹಾಕಿಡ್ತಾರ, ಬಳಸಿದಷ್ಟಕ್ಕ ತಿಂಗ್ಳ ಬಿಲ್ ಅಂತ. ಯಾರರ ಇದನ್ನ ಮಾಡಿದವ್ರು, ನೋಡಿದವ್ರು ಇದ್ರ ಹೇಳ್ರಿ.

ಸಾಧನಕೇರಿ

ಸರ, ಒಟ್ಟು ಬಿಲ್ ಎಷ್ಟ ಅನ್ನೂದು ಬಾಜೂಕ ಇಟ್ಟು ಮೊದ್ಲ ಲೋಡಿನ ಗ್ರಾಫ್ ತಗೀರಿ, ಪೂರಾ ವರ್ಷದ್ದು. ಮೂರು ತಿಂಗ್ಳ ಏರಿ ಒಂಬತ್ತು ತಿಂಗ್ಳ ಇಳಿಯೋ ಕೆಲಸಕ್ಕ ಕ್ಲೌಡೇ ಚಲೋ, ಫೆಬ್ರವರಿ ಲೆಕ್ಕಕ್ಕ ಮಷೀನ್ ತಗೊಂಡ್ರ ಆಗಸ್ಟ್‌ನಾಗ ಅದಕ್ಕ ಕೆಲಸ ಇರೂದಿಲ್ಲ. ಹಗಲು ರಾತ್ರಿ ಒಂದೇ ಸಮ ಓಡೋವು ಏನೇನ ಅದಾವು ನೋಡ್ರಿ: ಹಳೇ ವರ್ಷದ ಡಾಟಾ, ಲಾಟಿನ ಫೋಟೋ, ಟೆಸ್ಟಿಂಗ್ ಮಷೀನ್, ರಿಪೋರ್ಟ್ ಸರ್ವರ್. ಇವನ್ನ ಇಲ್ಲಿಗೆ ತರ್ರಿ. ಟೆಂಡರ್ ದಿನದ ಲೈವ್ ಅಪ್ಲಿಕೇಶನ್ ಅಲ್ಲೇ ಬಿಡ್ರಿ.

ಆದ್ರ ಡಾಟಾಬೇಸ್ ಹುಬ್ಬಳ್ಳಿಗೆ ತಂದು ವೆಬ್ ಸರ್ವರ್ ಮುಂಬೈನಾಗ ಬಿಡೋದು ಮಾತ್ರ ಬ್ಯಾಡ್ರೀಪಾ. ಒಂದು ಪಟ್ಟಿ ಸ್ಕ್ರೀನ್ ತಗದ್ರ ಡಾಟಾಬೇಸಿಗೆ 50 ಸಲ ಹೋಗಿ ಬರ್ತೈತಿ ಅಂತ ತಿಳೀರಿ, ಒಂದೊಂದಕ್ಕ 25 ಮಿಲಿಸೆಕೆಂಡ್ ಹಿಡಿದ್ರೂ ಒಂದೂಕಾಲು ಸೆಕೆಂಡ್ ಬರೇ ದಾರಿಯೊಳಗ ಹೋತು. ಅವೆರಡೂ ಒಂದೇ ಕಡೆ ಇರಬೇಕು.

ಎಲ್ಲಾರೂ 37ಸಿಗ್ನಲ್ಸ್ ಅನ್ನೋ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಉದಾಹರಣೆ ಕೊಡ್ತಾರ, 2022ರಾಗ ಕ್ಲೌಡ್ ಬಿಡ್ತೀವಿ ಅಂದ್ರು, ಆ ವರ್ಷ ಅವರ ಕ್ಲೌಡ್ ಖರ್ಚು ಸುಮಾರು 32 ಲಕ್ಷ ಡಾಲರ್ ಇತ್ತು, ಖರೇನ. ಆದ್ರ ಅವರೇನು ಆಫೀಸಿನ ಮೂಲ್ಯಾಗ ಸರ್ವರ್ ಇಟ್ಟಿಲ್ಲ, ಡಾಟಾ ಸೆಂಟರ್ದಾಗ ಬಾಡಿಗಿ ರ‍್ಯಾಕ್ ಇಟ್ಕೊಂಡಾರ, ಡಿಸ್ಕ್ ಕೆಟ್ರ ಬದಲಿ ಮಾಡಾಕ ಅಲ್ಲೇ ಮಂದಿ ಇರ್ತಾರ. ಇದನ್ನ ಮಾಲಕರಿಗೆ ಹೇಳ್ರಿ.

ಹಂಗ ಈಗಿನ ಬಿಲ್ಲೂ ಬಿಡಿಸಿ ನೋಡ್ರಿ. ರಾತ್ರಿ ಯಾರೂ ಮುಟ್ಟದ ಟೆಸ್ಟ್ ಮಷೀನ್, ಯಾವುದಕ್ಕೂ ಜೋಡಿಸದ ಡಿಸ್ಕ್, ಹಳೇ ಸ್ನ್ಯಾಪ್‌ಶಾಟ್ (ಡಿಸ್ಕಿನ ನಕಲು). ಪಬ್ಲಿಕ್ ಐಪಿವಿ4 ಅಡ್ರೆಸ್ಸಿಗೂ (ಇಂಟರ್‌ನೆಟ್‌ನಾಗ ಸರ್ವರಿನ ವಿಳಾಸದ ನಂಬರ್) ಫೆಬ್ರವರಿ 2024ರಿಂದ ತಾಸಿಗೆ 0.005 ಡಾಲರ್ ಹಾಕ್ತಾರ, ಒಂದಕ್ಕ ತಿಂಗ್ಳಿಗೆ ಮೂರೂವರಿ ಡಾಲರ್ ಮ್ಯಾಲ ಆತು, ಸುಮ್ನ ಬಿದ್ದಿದ್ರೂ ಬಿಲ್ ಬರ್ತೈತಿ.

ತಾರಿಹಾಳ_ಐಟಿ

ನಾನು ಫ್ಯಾಕ್ಟರಿಯೊಳಗ ಸರ್ವರ್ ರೂಮ್ ನೋಡ್ಕೊಳ್ಳಾಂವ, ಮಷೀನಿನ ಮಾತು ಆಮ್ಯಾಲ, ಮೊದ್ಲ ರೂಮ್ ಹೆಂಗೈತಿ ಹೇಳ್ರಿ. ಏಪ್ರಿಲ್ ಮೇ ಬಿಸಲಾಗ ಮಧ್ಯಾಹ್ನ ಕರೆಂಟ್ ಹೋತು ಅನ್ರಿ, ಸರ್ವರ್ ಯುಪಿಎಸ್ ಮ್ಯಾಲ ಓಡ್ತಿರ್ತೈತಿ, ಎಸಿ ಯುಪಿಎಸ್ ಮ್ಯಾಲ ಇರೂದಿಲ್ಲ. ಕರೆಂಟ್ ಬಂದ ಮ್ಯಾಲೂ ಆಟೋ ರೀಸ್ಟಾರ್ಟ್ ಇಲ್ಲದ ಎಸಿ ತಾನಾಗೇ ಚಾಲೂ ಆಗೂದಿಲ್ಲ, ಯಾರರ ಹೋಗಿ ರಿಮೋಟ್ ಒತ್ತಬೇಕು, ರವಿವಾರ ಇದ್ರ ಯಾರು ಒತ್ತೋರು? ನಮ್ಮಲ್ಲಿ ಹಿಂಗಾಗಿ ರೂಮ್ ಕಾದು ಸರ್ವರ್ ತಾನಾಗೇ ಬಂದ್ ಆತು. ಅದಾದ ಮ್ಯಾಲ ಆಟೋ ರೀಸ್ಟಾರ್ಟ್ ಇರೋ ಎರಡು ಎಸಿ ಕುಂದ್ರಿಸಿದ್ವಿ, ಟೆಂಪರೇಚರ್ ಏರಿದ್ರ ಮೊಬೈಲಿಗೆ ಮೆಸೇಜ್ ಬರೋ ಸೆನ್ಸರ್ ಹಾಕಿದ್ವಿ. ಯುಪಿಎಸ್ ಬ್ಯಾಟರಿನೂ ಸೆಕೆಯೊಳಗ ಲಗೂನ ಸಾಯ್ತಾವು, ಅದನ್ನೂ ಲೆಕ್ಕಕ್ಕ ಹಿಡೀರಿ.

ಇಂಟರ್‌ನೆಟ್ ಎರಡು ಕಂಪನಿದು ತಗೊಂಡ್ರ ಸಾಲೂದಿಲ್ಲ, ಎರಡೂ ಫೈಬರ್ ಒಂದೇ ಕಂಬದ ಮ್ಯಾಲಿಂದ ಬಂದಾವೇನು ಹೊರಗ ಹೋಗಿ ಕಣ್ಣಿಲೆ ನೋಡ್ರಿ. ರಸ್ತಾ ಕೆಲಸಕ್ಕ ಜೆಸಿಬಿ ಬಂದ್ರ ಎರಡೂ ಒಂದೇ ಏಟಿಗೆ ಹೋಗ್ತಾವು.

ಸಾಫ್ಟ್‌ವೇರಿಗೆ ಪ್ರಾಕ್ಸ್‌ಮಾಕ್ಸ್ ನೋಡ್ರಿ, ಒಂದು ಸರ್ವರಿನಾಗ ಹಲವು ವರ್ಚುವಲ್ ಮಷೀನ್ ಓಡಸ್ತೈತಿ. 2023ರ ನವೆಂಬರ್‌ನಾಗ ಬ್ರಾಡ್‌ಕಾಮ್ ಕಂಪನಿ ಇದೇ ಕೆಲಸದ ಸಾಫ್ಟ್‌ವೇರ್ ಮಾಡೋ ವಿಎಂವೇರ್ ಕಂಪನಿನ ತಗೊಂಡ ಮ್ಯಾಲ, ವಿಎಂವೇರಿನ ಒಂದೇ ಸಲ ಕೊಳ್ಳೋ ಲೈಸೆನ್ಸ್ ನಿಂತು ಬರೇ ಚಂದಾ ಉಳಿದೈತಿ. ಎರಡೇ ಸರ್ವರ್ ಹಾಕೋದಿದ್ರ ಯಾವುದು ಕೆಲಸ ಮಾಡಬೇಕು ಅಂತ ವೋಟ್ ಹಾಕಾಕ ಮೂರನೇ ಸಣ್ಣ ಮಷೀನ್ ಒಂದು ಇರ್ಲಿ, ಇಲ್ಲಂದ್ರ ಒಂದು ಬಿದ್ದಾಗ ಇನ್ನೊಂದು ಕೆಲಸ ಕೈಗೆ ತಗೊಳ್ಳೂದಿಲ್ಲ.

ಗದಗ_ಲೆಕ್ಕ

ನಾನು ಅಕೌಂಟ್ಸ್ ಕಡಿಯಾಕಿ, ಇಂಥ ಕರಾರು ಓದೂದು ನನ್ನ ಕೆಲಸ, ಅದಕ ಹೇಳ್ತೀನ್ರಿ. "ಬಳಸಿದಷ್ಟಕ್ಕ ಬಿಲ್" ಅನ್ನೋ ಮಾತಿನ ಕೆಳಗ ಕನಿಷ್ಠ ಕಮಿಟ್‌ಮೆಂಟ್ ಅಂತ ಒಂದು ಸಾಲು ಇದ್ದೇ ಇರ್ತೈತಿ, ನೀವು ಏನೂ ಬಳಸದಿದ್ರೂ ಅಷ್ಟು ಕಟ್ಟಲೇಬೇಕು. ಆ ಕನಿಷ್ಠ ಮಟ್ಟ ನಿಮ್ಮ ಜುಲೈ ಲೋಡಿಗೆ ಕೂಡಬೇಕು, ಫೆಬ್ರವರಿದಕ್ಕ ಅಲ್ಲ. ವೆಂಡರ್ ಮಂದಿ ಸೀಸನ್ ಅಂಕಿ ನೋಡೇ ಮಟ್ಟ ಹಾಕಾಕ ನೋಡ್ತಾರ, ಬಿಡಬ್ಯಾಡ್ರಿ. ಮೀಟರ್ ಯಾವುದರ ಮ್ಯಾಲ ಓಡ್ತೈತಿ ಅದನ್ನೂ ಕೇಳ್ರಿ, ವರ್ಚುವಲ್ ಮಷೀನಿಗೆ ಹಂಚಿದ ಕೋರ್ (ಪ್ರೊಸೆಸರಿನ ಭಾಗ) ಮ್ಯಾಲೋ ಖರೇ ಓಡಿದ್ದರ ಮ್ಯಾಲೋ, ಎರಡಕ್ಕೂ ಭಾಳ ಫರಕ್ ಐತಿ.

ಕರಾರು ಮುಗದಾಗ ಡಿಸ್ಕ್ ಯಾರ ಕೈಗೆ ಹೋಗ್ತಾವು? ರೈತರ ಬ್ಯಾಂಕ್ ಖಾತೆ ನಂಬರ್ ಅದರಾಗ ಅದಾವಲ್ರಿ. ಡಿಸ್ಕ್ ನಮ್ಮಲ್ಲೇ ಉಳೀತಾವು ಅಂತರ, ಅಳಿಸಿದ್ದಕ್ಕ ಸರ್ಟಿಫಿಕೇಟ್ ಕೊಡ್ತೀವಿ ಅಂತರ ಬರಸ್ಕೋಬೇಕು.

ಸ್ವಂತ ಸರ್ವರ್ ಕೊಂಡ್ರ ಕಂಪ್ಯೂಟರಿಗೆ 40% ಸವಕಳಿ ಸಿಗ್ತೈತಿ, ಬಾಡಿಗಿ ಸ್ಕೀಮ್ ಆದ್ರ ತಿಂಗ್ಳ ಬಿಲ್ಲೇ ಪೂರಾ ಖರ್ಚು, ನಿಮ್ಮ ಆಡಿಟರ್ ಹತ್ರ ಎರಡೂ ಹಾಕಿಸಿ ನೋಡ್ರಿ. ಪ್ರೈವೇಟ್ ಲಿಮಿಟೆಡ್ ಇದ್ರ ಲೆಕ್ಕದ ಬುಕ್ಸ್ ಬ್ಯಾಕಪ್ ಭಾರತದೊಳಗಿನ ಸರ್ವರಿನಾಗ ದಿನಾ ಆಗಬೇಕು ಅಂತ ಆಗಸ್ಟ್ 2022ರಿಂದ ನಿಯಮ ಐತಿ, ಅದಕ್ಕ ಮುಂಬೈ ಆದ್ರೂ ನಡೀತೈತಿ, ಹೈದರಾಬಾದ್ ರೀಜನ್ ಆದ್ರೂ ನಡೀತೈತಿ.

ಗೋಕುಲರೋಡ್_ಡೆವ್

ಅಕ್ಕಾರ, ಕನಿಷ್ಠ ಕಮಿಟ್‌ಮೆಂಟ್ ನೋಡಿದ್ನಿ, ನೀವು ಹೇಳಿದಂಗ ಸೀಸನ್ ಅಂಕಿಗೇ ಹಾಕ್ಯಾರ. ವಾಪಸ್ ಕಳಿಸೀನಿ. ಲೈವ್ ಅಪ್ಲಿಕೇಶನ್, ಡಾಟಾಬೇಸ್ ಎರಡೂ ಮುಂಬೈನಾಗೇ ಇರ್ಲಿ, ಫೋಟೋ, ಹಳೇ ಡಾಟಾ, ಟೆಸ್ಟಿಂಗ್ ಇಲ್ಲಿಗೆ ತರ್ತೀವಿ ಅಂತ ಮಾಲಕರಿಗೆ ಹೇಳೀನಿ, ಅವರು ಒಪ್ಪಿದಂಗ ಕಾಣ್ತೈತಿ. ಫೋಟೋನ ಆರು ಟಿಬಿ ಮ್ಯಾಲ ಅದಾವು, ಇಳಿಸ್ಕೊಳ್ಳಾಕ ಎಷ್ಟ ಬೀಳ್ತೈತಿ?

ಸಾಧನಕೇರಿ

ಮುಂಬೈನಿಂದ ಹೊರಗ ಬರೋ ಒಂದು ಜಿಬಿಗೆ ಸುಮಾರು 11 ಸೆಂಟ್, ತಿಂಗ್ಳಿಗೆ ಮೊದ್ಲಿನ 100 ಜಿಬಿ ಫ್ರೀ, ಅಂದ್ರ ಆರು ಟಿಬಿಗೆ 650 ಡಾಲರ್ ಆಸುಪಾಸು. ಪೂರಾ ಬಿಟ್ಟು ಹೋಗೋರಿಗೆ ಮಾರ್ಚ್ 2024ರಿಂದ ಈ ಚಾರ್ಜ್ ಮಾಫ್ ಮಾಡ್ತಾರ, ಅದಕ್ಕೂ ಮೊದ್ಲ ಸಪೋರ್ಟಿಗೆ ಬರದು ಒಪ್ಪಿಗಿ ತಗೋಬೇಕು, ನಿಮ್ಮಂಗ ಅರ್ಧ ತರೋರು ಈ ಖರ್ಚು ಹಿಡದೇ ಲೆಕ್ಕ ಹಾಕ್ರಿ. ತಂದ ಮ್ಯಾಲ ಅಲ್ಲಿದ್ದದ್ದನ್ನ ಒಮ್ಮೆಗೇ ಅಳಿಸಬ್ಯಾಡ್ರಿ, ಫೈಲ್ ಎಲ್ಲಾ ಬಂದಾವು ಅಂತ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ನಂಬರ್) ಹೊಂದಿಸಿ ನೋಡಿ, ಇಲ್ಲಿಂದ ಒಂದು ಹಳೇ ವರ್ಷದ ಡಾಟಾ ಪೂರಾ ರಿಸ್ಟೋರ್ ಮಾಡಿ, ಅಂಗಡಿಯವ್ರಿಗೆ ಹಳೇ ಪಟ್ಟಿ ತೋರಿಸಿ ಸರಿ ಐತಿ ಅಂದ ಮ್ಯಾಲ ಅಳಸ್ರಿ. ಎಲ್ಲಾ ಸೀಸನ್ ಮುಗದ ಮ್ಯಾಲ ಜೂನ್‌ನಾಗ ಇಟ್ಕೊಳ್ರಿ.