ನಂಬಿಕೆ ಬಿಟ್ಟವನ ರಕ್ಷಣೆಯೂ ಕಳೆದುಹೋಗುತ್ತದೆಯೇ?

ಪ್ರಶ್ನೆ (ಶಾಂತಿನಗರದಿಂದ)

ಕರ್ತನ ಹೆಸರಿನಲ್ಲಿ ಎಲ್ಲರಿಗೂ ವಂದನೆಗಳು. ಸಭೆಯ ಮುಂದೆ ನಿಂತು ನಂಬಿಕೆಯನ್ನು ಅರಿಕೆಮಾಡಿ, ಹತ್ತು ವರ್ಷ ಸಂಡೇಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದ ನನ್ನ ತಮ್ಮ, ತನಗೆ ಈಗ ಕ್ರಿಸ್ತನಲ್ಲಿ ನಂಬಿಕೆಯಿಲ್ಲ ಎನ್ನುತ್ತಿದ್ದಾನೆ. ಆದರೂ ಪ್ರತಿ ಭಾನುವಾರ ಅಪ್ಪನನ್ನು ಆಟೋದಲ್ಲಿ ಕರೆತಂದು, ಕೈಹಿಡಿದು ಬೆಂಚಿನ ಮೇಲೆ ಕೂರಿಸಿ, ಆರಾಧನೆ ಮುಗಿಯುವವರೆಗೆ ಗೇಟಿನ ಹೊರಗೆ ನಿಂತಿರುತ್ತಾನೆ. ಅಪ್ಪನಿಗೆ 78 ವರ್ಷ. ಒಮ್ಮೆ ಬೆಳಕನ್ನು ಹೊಂದಿ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಹೇಳುತ್ತದಲ್ಲ, ಆ ಒಂದು ಮಾತಿನಲ್ಲೇ ಅವರ ಮನಸ್ಸು ಸಿಕ್ಕಿಕೊಂಡಿದೆ. ಅವರಿಗೆ ನಾನು ಏನು ಹೇಳಲಿ?

ಉತ್ತರ 1 (ಕೋರಮಂಗಲದಿಂದ)

ಸಹೋದರಿ, ನಿಜವಾದ ರಕ್ಷಣೆ, ಅಂದರೆ ಪಾಪದಿಂದ ಸಿಕ್ಕ ಬಿಡುಗಡೆ, ಕಳೆದುಹೋಗುವುದಿಲ್ಲ ಎಂಬುದು ನನ್ನ ನಂಬಿಕೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರೆಂದು ಯೇಸು ಯೋಹಾನ 10ರಲ್ಲಿ ಹೇಳಿದ್ದಾನೆ. 1618–19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾರ್ಟ್ ನಗರದಲ್ಲಿ ಸೇರಿದ ಪ್ರಾಟೆಸ್ಟಂಟ್ ಸಭೆಗಳ ಮಹಾಸಭೆಯೂ ಇದನ್ನೇ ಎತ್ತಿಹಿಡಿಯಿತು. ಆದರೆ ದಾವೀದನಂತೆ, ಪೇತ್ರನಂತೆ ದೇವಜನರು ಘೋರವಾಗಿ ಬೀಳಬಹುದೆಂಬುದನ್ನು ಅದು ಮರೆಮಾಚಲಿಲ್ಲ. ಪೇತ್ರನು ಯೇಸುವನ್ನೇ ಅಲ್ಲಗಳೆದ ರಾತ್ರಿಯಷ್ಟನ್ನೇ ನೋಡಿದವರು ಅವನ ವಿಷಯದಲ್ಲಿ ಏನೆಂದು ತೀರ್ಮಾನಿಸುತ್ತಿದ್ದರು? ನಿಮ್ಮ ತಮ್ಮನ ಬಗ್ಗೆಯೂ ಈಗಲೇ ತೀರ್ಪು ಬರೆಯಬೇಡಿ.

ಉತ್ತರ 2 (ಸಂಪಂಗಿರಾಮನಗರದಿಂದ)

ಮೇಲಿನವರ ಮಾತನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಬೇರೆಯವರು ಕಸಿದುಕೊಳ್ಳಲಾರರು ಎಂದಮಾತ್ರಕ್ಕೆ ಕುರಿಯೇ ಕೈಬಿಡಿಸಿಕೊಂಡು ಹೋಗಲಾರದು ಎಂದಾಗುವುದಿಲ್ಲ. ಹಾಗಾಗುವುದಾದರೆ ಇಬ್ರಿಯರಿಗೆ ಕೊಟ್ಟ ಎಚ್ಚರಿಕೆಗೆ ಅರ್ಥವೇ ಉಳಿಯುವುದಿಲ್ಲ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಾಗಿ ಒಂದಾದವರಲ್ಲಿ ರಕ್ಷಣೆ ಕಳೆದುಹೋಗಬಹುದೆನ್ನುವ ಮೆಥೊಡಿಸ್ಟರೂ ಕಳೆದುಹೋಗದೆನ್ನುವ ಪ್ರೆಸ್ಬಿಟೇರಿಯನ್ನರೂ ಇದ್ದುದರಿಂದ ನಮ್ಮಲ್ಲಿ ಎರಡೂ ಬೋಧನೆಗಳು ಒಂದೇ ಸೂರಿನ ಕೆಳಗೆ ಬದುಕಿವೆ. ನನ್ನ ಮನೆತನ ವೆಸ್ಲಿಯನ್ ಮಿಷನ್ನಿನದು. ವಿಶ್ವಾಸಿ ಬೀಳಬಹುದು, ಬಿದ್ದವನು ಮತ್ತೆ ಏಳಲೂಬಹುದು ಎಂದೇ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಬೋಧಿಸಿದರು.

ಆ ‘ಅಸಾಧ್ಯ’ದ ವಿಷಯ: ಗ್ರೀಕ್ ಮೂಲದಲ್ಲಿ ಬಿದ್ದುಹೋದವರ ಬಗ್ಗೆ ದೇವಕುಮಾರನನ್ನು ‘ಶಿಲುಬೆಗೆ ಹಾಕುತ್ತಿರುವವರು’ ಎಂಬ ವರ್ತಮಾನ ರೂಪವಿದೆ. ಅವರು ಹಾಗೆ ಮಾಡುತ್ತಿರುವವರೆಗೆ ತಿರುಗಿಸುವುದು ಅಸಾಧ್ಯ ಎಂದು ಕೆಲವು ವ್ಯಾಖ್ಯಾನಕಾರರು ಅರ್ಥಮಾಡುತ್ತಾರೆ, ನನಗೂ ಅದೇ ಸರಿಯೆನಿಸುತ್ತದೆ. ಅಪ್ಪನವರು 6ನೆಯ ವಚನಕ್ಕೆ ನಿಲ್ಲಿಸದೆ 9ನೆಯದರವರೆಗೂ ಓದಲಿ: ಇಷ್ಟು ಕಠಿಣವಾಗಿ ಬರೆದವನೇ ಅಲ್ಲಿ ‘ಪ್ರಿಯರೇ’ ಎಂದು ಕರೆದು, ಅವರಲ್ಲಿ ಇದಕ್ಕಿಂತ ಉತ್ತಮವಾದದ್ದು ಇದೆಯೆಂಬ ಭರವಸೆಯನ್ನು ಹೇಳುತ್ತಾನೆ.

ಉತ್ತರ 3 (ಶಿವಾಜಿನಗರದಿಂದ)

ನಾನು ಕಥೋಲಿಕಳು. ಮಾರಕ ಪಾಪದಿಂದ, ಅಂದರೆ ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ, ದೇವರ ಕೃಪೆಯನ್ನು ಕಳೆದುಕೊಳ್ಳಬಹುದೆಂದು ನಮ್ಮ ಧರ್ಮಸಭೆ 1547ರಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಸ್ಪಷ್ಟಪಡಿಸಿತು. ಪಾಪನಿವೇದನೆಯ ಸಂಸ್ಕಾರದ ಮೂಲಕ ಅದನ್ನು ಮರಳಿ ಪಡೆಯಬಹುದೆಂದೂ ಅಲ್ಲಿಯೇ ಹೇಳಿತು. ನಿಮ್ಮ ತಮ್ಮನಿಗಾಗಿ ಪ್ರಾರ್ಥಿಸುತ್ತೇನೆ, ಅಕ್ಕ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ 9ನೆಯ ವಚನದವರೆಗೆ ಅಪ್ಪನಿಗೆ ಓದಿ ಹೇಳಿದೆ. ‘ಪ್ರಿಯರೇ’ ಎಂಬಲ್ಲಿ ಕೈಯೆತ್ತಿ ನಿಲ್ಲಿಸಿ, ಅದನ್ನೇ ಇನ್ನೊಂದು ಸಲ ಓದಮ್ಮ ಎಂದರು. ಆ ಗ್ರೀಕ್ ಪದವನ್ನು ನಮ್ಮ ಸಭಾಪಾಲಕರ ಬಳಿ ಇನ್ನಷ್ಟು ಬಿಡಿಸಿ ಕೇಳಬೇಕೆಂದಿದ್ದಾರೆ. ಈ ಭಾನುವಾರ ಆರಾಧನೆಯಾದ ಮೇಲೆ ಹೋಗುತ್ತೇವೆ.