ತಾಳೆ ತೋಟದಲ್ಲಿ ಹಸು ಮೇಯಿಸಿದವರಿದ್ದೀರಾ?

ಭದ್ರಾವತಿಯಿಂದ: ಐದು ಎಕರೆ ಎಣ್ಣೆ ತಾಳೆ, ನೆಟ್ಟು ನಾಲ್ಕನೇ ವರ್ಷ. ಸಾಲುಗಳ ನಡುವೆ ಹುಲ್ಲು ಸೊಂಟದವರೆಗೆ ಬೆಳೆದಿದೆ. ಮನೆಯಲ್ಲಿ ಮೂರು ಎಚ್‌ಎಫ್ (ವಿದೇಶಿ ಹಾಲಿನ ತಳಿ) ಹಸುಗಳಿವೆ. ಬಿಟ್ಟು ಮೇಯಿಸಬಹುದೇ? ಮಾಡಿ ನೋಡಿದವರು ತಿಳಿಸಿ.

ಚನ್ನಗಿರಿಯಿಂದ: ಪಕ್ಕದವರ ದನಗಳು ಒಂದು ಮಧ್ಯಾಹ್ನ ನಮ್ಮ ಎಳೆ ತೋಟಕ್ಕೆ ನುಗ್ಗಿ, ಬಾಯಿಗೆ ಸಿಕ್ಕಿದ ಗರಿಗಳನ್ನೆಲ್ಲ ಕಡ್ಡಿ ಮಾಡಿ ಹೋದವು. ಆ ಮರಗಳಲ್ಲಿ ಆಮೇಲೆ ಬಂದದ್ದು ಬಹುಪಾಲು ಗಂಡು ಹೂವು, ಗೊನೆಯೇ ಇಲ್ಲ. ತುಳಿದು ಒಡೆದ, ಮರಗಳಿಗೆ ನೀರು ಕೊಡುವ ಲ್ಯಾಟರಲ್ ಪೈಪು 6,800 ರೂಪಾಯಿ, ನೀರು ಚಿಮ್ಮಿಸುವ ಮೈಕ್ರೋ ಜೆಟ್ 2,300, ಮತ್ತೆ ಜೋಡಿಸಿದ ಕೂಲಿ 1,800. ಇಂದಿಗೂ ಅವರಿಂದ ಬಿಡಿಗಾಸು ಬಂದಿಲ್ಲ. ತಾಳೆಗೆ ದನ ಬೇಡವೇ ಬೇಡ.

ಎಚ್.ಡಿ. ಕೋಟೆಯಿಂದ: ಸ್ವಾಮಿ, ಅದು ಬೇಲಿಯಿಲ್ಲದ ಕಥೆ, ಮೇಯಿಸಿದ ಕಥೆಯಲ್ಲ. ನಮ್ಮ ಮರಗಳಿಗೆ ಹದಿಮೂರು ವರ್ಷ, ಗರಿ ದನಕ್ಕೆ ಎಟುಕುವುದಿಲ್ಲ. ಸೌರ ಬೇಲಿಗೆ ಯಂತ್ರ, ಬ್ಯಾಟರಿ, ತಂತಿ ಸೇರಿ 31,400 ಆಯಿತು. ಮರುವರ್ಷವೇ ಬ್ಯಾಟರಿ ಸತ್ತು ಇನ್ನೊಂದು 7,200. ಹಳ್ಳಿಕಾರ್ ದನಗಳನ್ನು ಒಂದು ತುಂಡಿನಿಂದ ಇನ್ನೊಂದಕ್ಕೆ ಬದಲಿಸುತ್ತ ಮೇಯಿಸುತ್ತೇನೆ. ಕಳೆ ಕೊಚ್ಚಿಸುವ ಆಳಿನ ಮುಖ ನೋಡಿ ಕಾಲವಾಯಿತು. ಮಲೇಷ್ಯಾದವರು ಇದನ್ನೇ ದಶಕಗಳಿಂದ ಮಾಡುತ್ತಿದ್ದಾರೆ.

ಚನ್ನಗಿರಿಯಿಂದ: ಮಲೇಷ್ಯಾದ ಎಸ್ಟೇಟು ಎಲ್ಲಿ, ನನ್ನ ಮೂರೂವರೆ ಎಕರೆ ಎಲ್ಲಿ! ಭದ್ರಾ ನಾಲೆಯ ನೀರು ಹರಿದ ನೆಲ ಒದ್ದೆಯಿರುವಾಗ ದನ ತುಳಿದರೆ, ಬೇರೆಲ್ಲ ಇರುವ ಮೇಲ್ಪದರವೇ ಇಟ್ಟಿಗೆಯಾಗುತ್ತದೆ. ದನ ನುಗ್ಗಿಸಿದವರನ್ನು ಬಿಟ್ಟು ಬೇಲಿ ಹಾಕಲಿಲ್ಲವೆಂದು ನನ್ನನ್ನು ಅನ್ನುತ್ತೀರಲ್ಲ, ನೀವೂ ಅವರ ನೆಂಟರೇ?

ಹುಣಸೂರಿನಿಂದ: ಅಣ್ಣಂದಿರೇ, ಜಗಳದಲ್ಲಿ ದನದ ರಕ್ತ ಹೀರುವ ಉಣ್ಣೆಯನ್ನೇ ಮರೆತಿರಿ. ಕೊಟ್ಟಿಗೆಯಲ್ಲೇ ಇದ್ದ ನಮ್ಮ ಎಚ್‌ಎಫ್ ಹಸುವನ್ನು ತೋಟದ ನೆರಳಿಗೆ ಬಿಡಿಸಿದ್ದು ನನ್ನ ಮೈದುನ. ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರ ಬಂತು. ಬುಪಾರ್ವಕ್ವೋನ್ ಚುಚ್ಚುಮದ್ದು, ಗ್ಲೂಕೋಸ್, ವೈದ್ಯರು ಬಂದು ಹೋಗುವ ಖರ್ಚು ಎಲ್ಲ ಸೇರಿ 9,600. ಹಸು ಉಳಿಯಿತು, ಹಾಲು ಮೊದಲಿನಷ್ಟಕ್ಕೆ ಬರಲಿಲ್ಲ. ಮೈದುನ ಈಗಲೂ ಮೇವು ಉಳಿಯಿತು ಎನ್ನುತ್ತಾನೆ.

ಎಚ್.ಡಿ. ಕೋಟೆಯಿಂದ: ಅದಕ್ಕೇ ನಾಟಿ ದನ ಕಟ್ಟಿ ಎನ್ನುವುದು.

ಹುಣಸೂರಿನಿಂದ: ಹಳ್ಳಿಕಾರ್ ಹಾಲಿನಲ್ಲಿ ಡೇರಿಯ ಬಿಲ್ಲು ಎಷ್ಟಾಗುತ್ತದೆ, ಅದನ್ನೂ ಬರೆಯಿರಿ.

ಗಂಗಾವತಿಯಿಂದ: ಬಿಡುವುದೇಕೆ, ಕಟ್ಟಿ ಹಾಕಿ. ಎಕರೆಗೆ 57 ಮರ, ಗೊನೆ ಕೊಯ್ಯುವಾಗ ಕತ್ತರಿಸಿದ ಗರಿಯೇ ರಾಶಿ ಬೀಳುತ್ತದೆ. ಮುಳ್ಳಿನ ಬುಡ ತೆಗೆದು ಉಳಿದದ್ದನ್ನು ಮೇವು ಕತ್ತರಿಸುವ ಯಂತ್ರಕ್ಕೆ ಕೊಡಿ. ಯಂತ್ರ 26,500, ನಾರಿಗೆ ಬ್ಲೇಡು ಬೇಗ ಮೊಂಡಾಗುತ್ತದೆ, ಸಾಣೆಗೆ ಪ್ರತಿ ಸಲ 150. ತಿಪ್ಪೆಯಲ್ಲಿ ರೈನೋಸಿರಸ್ ದುಂಬಿಯ ಹುಳು ಎದ್ದು, ಬಲಿತ ದುಂಬಿಗಳು ಮರದ ಸುಳಿ ಕೊರೆದವು, ತಿಪ್ಪೆಗೆ ಹುಳು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹಾಕಿದ ಮೇಲೆ ಹದಕ್ಕೆ ಬಂತು. ಈಗ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿಗೆ 4,500ರಂತೆ ಮಾರುತ್ತೇನೆ.

ಚನ್ನಗಿರಿಯಿಂದ: ದುಂಬಿಯ ಮೊಟ್ಟೆಗೂ ಸೇರಿಸಿ 4,500ವೇ?

ಭದ್ರಾವತಿಯಿಂದ: ನನ್ನದು ನಾಲ್ಕನೇ ವರ್ಷದ ತೋಟ, ಅದಕ್ಕೆ ಯಾರಾದರೂ...

ಎಚ್.ಡಿ. ಕೋಟೆಯಿಂದ: ಗಂಗಾವತಿಯವರೇ, ನಮ್ಮ ಕಡೆ 3,000ಕ್ಕೆ ಒಳ್ಳೆಯ ಕೊಟ್ಟಿಗೆ ಗೊಬ್ಬರ ಸಿಗುತ್ತದೆ. ಆ 4,500ರಲ್ಲಿ ಬಾಡಿಗೆ ಸೇರಿದೆಯೇ, ಬೇರೆಯೇ?