ಯಂತ್ರದ ‘ಸಾಮರ್ಥ್ಯ’ವೋ ‘ಜಾಯಮಾನ’ವೋ? ಡೆಮೊ ಸ್ಪರ್ಧೆಯ ತೀರ್ಪಿಗೊಂದು ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಈಚೆಗೆ ಕಾಲೇಜೊಂದರ ಕಂಪ್ಯೂಟರ್ ಡೆಮೊ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಡೆಮೊ ಎಂದರೆ ಯಂತ್ರದಿಂದ ಅಲ್ಲೇ ಲೆಕ್ಕ ಹಾಕಿಸಿ ಚಲಿಸುವ ಚಿತ್ರ ಮೂಡಿಸುವ, ಕೈಚಳಕ ಮೆರೆಯಲೆಂದೇ ಬರೆದ ಪ್ರೋಗ್ರಾಮು. ಅಂಕ ಹಾಕುವ ಹಾಳೆ ಕನ್ನಡದಲ್ಲೇ ಇದ್ದದ್ದು ನೋಡಿ ಖುಷಿಯಾಯಿತು. ಅದರಲ್ಲೊಂದು ಸಾಲು: ‘ಯಂತ್ರದ ವಿಶಿಷ್ಟ ಸಾಮರ್ಥ್ಯದ ಪ್ರದರ್ಶನ – 30 ಅಂಕ’. ತಕರಾರು ಹುಟ್ಟಿದ್ದು ಅಲ್ಲೇ.

ಒಬ್ಬ ಹುಡುಗ ದುಬಾರಿ ಲ್ಯಾಪ್‌ಟಾಪಿನಲ್ಲಿ ಕಡಲ ಅಲೆಗಳನ್ನು ಮೂಡಿಸಿದ್ದ. ಚೆನ್ನಾಗಿಯೇ ಇತ್ತು. ಒಬ್ಬ ಹುಡುಗಿ ತಂದದ್ದು ಆರ್ಡುವಿನೊ ಊನೊ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಮನೆಯ ಹಳೇ ಡಬ್ಬಾ ಟಿವಿ. ಆ ಬೋರ್ಡಿನಲ್ಲಿ ಚಿತ್ರ ಮೂಡಿಸುವ ಚಿಪ್ಪೇ ಇಲ್ಲ. ಮೆಮೊರಿ 2 ಕಿಲೋಬೈಟ್, ವೇಗ 16 ಮೆಗಾಹರ್ಟ್ಸ್, ಅಂದರೆ ಮೈಕ್ರೋಸೆಕೆಂಡಿಗೆ 16 ಮಿಡಿತ. ಡಬ್ಬಾ ಟಿವಿ ಚಿತ್ರವನ್ನು ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬರೆಯುತ್ತದೆ; ನಮ್ಮ ಟಿವಿಯ ಒಂದು ಗೆರೆಗೆ ಹಿಡಿಯುವುದು 64 ಮೈಕ್ರೋಸೆಕೆಂಡು. ಅಂದರೆ ಪ್ರೊಸೆಸರಿಗೆ ಸಿಗುವುದು 1024 ಮಿಡಿತ. ಅಷ್ಟರಲ್ಲಿ ಆ ಗೆರೆಯ ಕಪ್ಪು-ಬಿಳುಪನ್ನು ಪ್ರೋಗ್ರಾಮೇ ಲೆಕ್ಕ ಹಾಕಿ ಪಿನ್ನಿನಿಂದ ಹೊರಗೆ ಕಳಿಸಬೇಕು. ಲೆಕ್ಕ ತಪ್ಪಿದರೆ ಚಿತ್ರ ಅದುರುತ್ತದೆ. ಅವಳ ಟಿವಿಯಲ್ಲಿ ಒಂದು ಘನಾಕೃತಿ ಅದುರದೆ ತಿರುಗುತ್ತಿತ್ತು.

ತೀರ್ಪುಗಾರರು ನಾವು ಮೂವರು. ಉಳಿದಿಬ್ಬರೂ ಆ ಸಾಲಿಗೆ ಲ್ಯಾಪ್‌ಟಾಪಿಗೆ ಕೈತುಂಬ ಅಂಕ ಕೊಟ್ಟು, ಬೋರ್ಡಿಗೆ ಅರ್ಧವನ್ನೂ ಕೊಡಲಿಲ್ಲ. “ಸಾಮರ್ಥ್ಯ ಯಾವುದಕ್ಕೆ ಜಾಸ್ತಿ ಇದೆ, ನೀವೇ ಹೇಳಿ ಸಾರ್” ಎಂದರು. ಅವರನ್ನು ದೂರುವುದಿಲ್ಲ. ಐನೂರು ಲೀಟರ್ ಸಾಮರ್ಥ್ಯದ ಟ್ಯಾಂಕು, ನೂರು ಆಸನ ಸಾಮರ್ಥ್ಯದ ಸಭಾಂಗಣ ಎಂದು ದಿನವೂ ಬಳಸಿ ಬಳಸಿ, ಆ ಪದ ಕಿವಿಗೆ ಬಿದ್ದೊಡನೆ ಅಳತೆಯೇ ತಲೆಗೆ ಬರುತ್ತದೆ. ಎಡವಿದ್ದು ಪದ.

ಯುರೋಪಿನ ಡೆಮೊ ಕೂಟಗಳಲ್ಲಿ (1992ರಲ್ಲಿ ಶುರುವಾದ ಫಿನ್‌ಲ್ಯಾಂಡಿನ ಅಸೆಂಬ್ಲಿ, ಈಸ್ಟರ್ ರಜೆಯಲ್ಲಿ ಜರ್ಮನಿಯಲ್ಲಿ ನಡೆಯುವ ರೆವಿಷನ್) ಸಾಮಾನ್ಯವಾಗಿ ಸಭಿಕರೇ ಮತ ಹಾಕುತ್ತಾರೆ. ಅವರಲ್ಲಿ ಬಹಳ ಮಂದಿಗೆ ಹಳೆಯ ಯಂತ್ರಗಳ ಮಿತಿಗಳೆಲ್ಲ ಬಾಯಿಪಾಠ, ಹಾಗಾಗಿ ಮೆಚ್ಚಬೇಕಾದದ್ದೇನೆಂದು ಹಾಳೆಯಲ್ಲಿ ಬರೆದು ತಿಳಿಸಬೇಕಿಲ್ಲ. ನಾವು ಹಾಳೆ ನೋಡಿ ಅಂಕ ಹಾಕುವವರು. ನಮಗೆ ಪದ ಸರಿಯಿರಲೇಬೇಕು.

ಆ ಸಭಿಕರು ಮೆಚ್ಚುವುದೇನು ಎಂಬುದಕ್ಕೆ 1982ರ ಮನೆ ಕಂಪ್ಯೂಟರ್ ಕಮೊಡೋರ್ 64 ಒಳ್ಳೆಯ ಉದಾಹರಣೆ. ಅದರ ಪರದೆಯ ಸುತ್ತ ಏನೂ ಬರೆಯಲಾಗದ ಅಂಚಿದೆ. ಪರದೆಯನ್ನು ಅಕ್ಷರಗಳ 25 ಸಾಲಿಗೂ ಇಡಬಹುದು, 24 ಸಾಲಿಗೂ ಇಡಬಹುದು. 25ರಲ್ಲಿದ್ದಾಗ ಚಿತ್ರದ ಚಿಪ್ಪು ಕೆಳಗಿನ ಅಂಚನ್ನು 251ನೇ ಗೆರೆಯಲ್ಲಿ ಶುರುಮಾಡುತ್ತದೆ, 24ರಲ್ಲಿದ್ದರೆ 247ರಲ್ಲಿ. ಗೆರೆ 247 ದಾಟಿ 251 ಮುಟ್ಟುವ ಮೊದಲು 25ರಿಂದ 24ಕ್ಕೆ ಬದಲಾಯಿಸಿದರೆ? ಚಿಪ್ಪು 247ಕ್ಕೆ ಕಾಯುತ್ತದೆ, ಅದು ಆಗಲೇ ಕಳೆದುಹೋಗಿದೆ. ಅಂಚು ಬೀಳುವುದೇ ಇಲ್ಲ, ಆ ಬಯಲಿನಲ್ಲಿ ಗೊಂಬೆಗಳು (ಸ್ಪ್ರೈಟ್ ಎಂಬ ಚಲಿಸುವ ಪುಟ್ಟ ಚಿತ್ರಗಳು) ಓಡಾಡುತ್ತವೆ. ಇದನ್ನು ಮೊದಲ ಸಲ ಅರ್ಥಮಾಡಿಕೊಂಡ ದಿನ ನನಗೆ ನಿದ್ದೆ ಬರಲಿಲ್ಲ.

2015ರ ರೆವಿಷನ್‌ನಲ್ಲಿ ಹಳೆಯ ಯಂತ್ರಗಳ ವಿಭಾಗ ಗೆದ್ದ ‘8088 ಎಂಪಿಎಚ್’ ಎಂಬ ಡೆಮೊ ಕೂಡ ಹೀಗೆಯೇ. 4.77 ಮೆಗಾಹರ್ಟ್ಸಿನ ಮೊದಲ ಐಬಿಎಂ ಪಿಸಿ. ಚಿತ್ರ ಮೂಡಿಸುವ, 16 ಬಣ್ಣದ ಅದರ ಸಿಜಿಎ ಕಾರ್ಡಿನಿಂದ ಡೆಮೊ ಬರೆದವರು 1024 ಬಣ್ಣ ಹೊರಡಿಸಿದರು. ಆಗ ಇದ್ದ ಎಮ್ಯುಲೇಟರುಗಳಲ್ಲಿ (ಹಳೇ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮುಗಳಲ್ಲಿ) ಅದು ಸರಿಯಾಗಿ ಓಡಲೇ ಇಲ್ಲ, ನಿಜವಾದ ಯಂತ್ರವೇ ಬೇಕಾಯಿತು.

ಇದಕ್ಕೆ ‘ಸಾಮರ್ಥ್ಯ’ ಸಾಲದು. ‘ತಾಕತ್ತು’, ‘ಕಸುವು’ ಎಂದರೂ ಹೆಚ್ಚು-ಕಮ್ಮಿಯ ಮಾತೇ ಆಯಿತು. ‘ವೈಶಿಷ್ಟ್ಯ’ವನ್ನು ಮೊಬೈಲ್ ಜಾಹೀರಾತುಗಳು ಸವೆಸಿಬಿಟ್ಟಿವೆ.

ನನ್ನ ಮನಸ್ಸು ನಿಂತಿರುವುದು ‘ಜಾಯಮಾನ’ದ ಮೇಲೆ. ‘ಕನ್ನಡದ ಜಾಯಮಾನಕ್ಕೆ ಒಗ್ಗದ ಪದ’, ‘ಸುಳ್ಳು ಹೇಳುವುದು ಅವನ ಜಾಯಮಾನವಲ್ಲ’ ಎನ್ನುತ್ತೇವಲ್ಲ, ಅದು. ಸಂಸ್ಕೃತದಲ್ಲಿ ‘ಹುಟ್ಟುತ್ತಿರುವ’ ಎಂಬಷ್ಟೇ ಅರ್ಥ. ಕನ್ನಡದಲ್ಲಿ ಹುಟ್ಟಿನಿಂದ ಬಂದ ಗುಣ ಎಂದಾಯಿತು. ಅಂಚಿಲ್ಲದ ಪರದೆ ಆ ಚಿಪ್ಪು ಹುಟ್ಟಿದ ರೀತಿಯಲ್ಲೇ ಅಡಗಿತ್ತು. ಹಾಗಾಗಿ ಹಾಳೆಯ ಸಾಲನ್ನು ‘ಯಂತ್ರದ ಜಾಯಮಾನವನ್ನು ಎಷ್ಟು ಬಲ್ಲರು, ಎಷ್ಟು ತೋರಿಸಿದರು’ ಎಂದು ತಿದ್ದಿದ್ದೇನೆ. ನನಗಿರುವ ಅಳುಕು ಒಂದೇ: ಮನುಷ್ಯರಿಗೆ, ಭಾಷೆಗೆ ಹೇಳುವ ಪದವನ್ನು ಜೀವವಿಲ್ಲದ ವಸ್ತುವಿಗೆ ಹೇಳಿದರೆ ನಿಮ್ಮ ಕಿವಿಗೆ ಒರಟಾಗುತ್ತದೆಯೇ? ನಿಮ್ಮ ಕಡೆ ನೇಗಿಲಿಗೋ ಮಗ್ಗಕ್ಕೋ ವಾದ್ಯಕ್ಕೋ ಹೀಗೆ ಹೇಳುವ ಬೇರೆ ಮಾತಿದೆಯೇ?

‘ಡೆಮೊ’ ಬಗ್ಗೆಯೂ ಒಂದು ಮಾತು. ‘ಪ್ರಾತ್ಯಕ್ಷಿಕೆ’ ಎಂದರೆ ಕಲಿಸಲು ಮಾಡಿ ತೋರಿಸುವುದು. ಯಕ್ಷಗಾನದವರದೂ ಕೃಷಿ ಇಲಾಖೆಯವರದೂ ಅದೇ ಅರ್ಥ. ಇಲ್ಲಿ ಡೆಮೊ ಪಾಠವಲ್ಲ, ಅದೇ ಕೃತಿ. ಕತ್ತಿವರಸೆ, ದೊಣ್ಣೆವರಸೆ ಇದ್ದಂತೆ ‘ಯಂತ್ರವರಸೆ’ ಅನ್ನಬಹುದೇ? ಕತ್ತಿಯ ವರಸೆ ದೊಣ್ಣೆಗೆ ಬರುವುದಿಲ್ಲ, ಅದಕ್ಕೇ ಈ ಪದ ಹಿಡಿಸಿತು. ಬಾಯಿಮಾತಿಗೆ ಡೆಮೊ ಎಂದೇ ಇರಲಿ, ಹಾಳೆಯ ತಲೆಬರಹಕ್ಕೆ ಮಾತ್ರ ಕೇಳುತ್ತಿದ್ದೇನೆ.

ಆ ಹುಡುಗಿ ಮುಂದಿನ ವರ್ಷವೂ ಬರುತ್ತೇನೆಂದಿದ್ದಾಳೆ. ಹಾಳೆ ಅದರೊಳಗೆ ಸರಿಹೋಗಬೇಕು.